ಕೊನೆಯ ತೂತಿಗೆ ಬಿಗಿದ ಪಟ್ಟಿ

ನಮ್ಮ ಓಣಿಯಲ್ಲಿ ಆರತಿಗೆ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಕೂಸಿಗೆ ಹೆಸರಿಡುವಾಗ, ಮದುವೆಯ ಅರಿಷಿಣಕ್ಕೆ, ದಸರೆಯ ದಿನ ಕುದುರೆಗಳ ಪೂಜೆಗೆ, ಯಾವುದಕ್ಕೂ ಇಲ್ಲ. ಹಾಗೆಂದು ನಾನೇನು ಗಂಡ ಸತ್ತವಳಾಗಿರಲಿಲ್ಲ. ಹಣೆಯಲ್ಲಿ ಕುಂಕುಮವಿತ್ತು, ಕೈತುಂಬ ಹಸಿರು ಬಳೆ ಇದ್ದವು, ಗಂಡ ಒಳಗೆ ಹೊರಸಿನ ಮೇಲೆ ಉಸಿರಾಡಿಕೊಂಡಿದ್ದರು. ಆದರೂ ಬಾಣಂತಿಯರು ನನ್ನನ್ನು ಕಂಡರೆ ಕೂಸಿನ ಮುಖಕ್ಕೆ ಸೆರಗು ಮುಚ್ಚುತ್ತಿದ್ದರು. ನಾನು ಎತ್ತಿದ ಆರತಿಯಿಂದ ನನ್ನ ಗಂಡನ ಸೊಂಟ ಮುರಿಯಿತು ಎಂಬುದು ಪುಣೆಯ ಕ್ಯಾಂಪಿನಾಚೆ, ಘೋರಪಡಿಯ ಆ ಓಣಿಯಲ್ಲಿ ಎಲ್ಲರೂ ಒಪ್ಪಿಕೊಂಡಿದ್ದ ಮಾತು. ಅದು ಸುಳ್ಳೆಂದು ನನಗೆ ಗೊತ್ತಿತ್ತು, ನನ್ನ ಗಂಡನಿಗೂ ಗೊತ್ತಿತ್ತು. ನಾನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಅವರು ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಾಗುತ್ತಿತ್ತು. ಆ ಒಂದು ಮಾತಿಗಾಗಿ ನಾನು ಕಾದದ್ದೇ ನನ್ನ ಸಂಸಾರ.

ನನ್ನ ತವರು ಧಾರವಾಡ. ನಮ್ಮದು ಕುದುರೆಗೆ ಜೀನು, ಲಗಾಮು ಹೊಲಿಯುವ ಮನೆತನ. ಅಪ್ಪ ನನ್ನನ್ನು ಹೆಣ್ಣುಮಕ್ಕಳ ಸಾಲೆಗೂ ಕಳಿಸಿದ, ಮನೆಯಲ್ಲಿ ರಂಪಿಗೆಯಿಂದ ತೊಗಲು ಕತ್ತರಿಸುವುದನ್ನೂ ಆರಿಯಿಂದ ಹೊಲಿಯುವುದನ್ನೂ ಕಲಿಸಿದ. ಸಾಲೆ ಎಷ್ಟು ಉಪಯೋಗಕ್ಕೆ ಬಂತೋ ಕಾಣೆ, ಆರಿ ಮಾತ್ರ ಕೊನೆಯತನಕ ಹೊಟ್ಟೆಗೆ ಹಾಕಿತು. ಪುಣೆಯಲ್ಲಿದ್ದ ವರ ಚಾಬುಕಸ್ವಾರ ಎಂದು ಕೇಳಿದಾಗ ತವರಿನಲ್ಲಿ ಎಲ್ಲರಿಗೂ ಹಿಗ್ಗು. ಚಾಬುಕಸ್ವಾರ ಎಂದರೆ ಹೊಸ ಕುದುರೆಗಳನ್ನು ಪಳಗಿಸಿ ಸವಾರಿಗೆ ತಯಾರು ಮಾಡುವವನು. ಕುದುರೆ ಉಜ್ಜುವ ಸಾಯಿಸನಿಗಿಂತ ಬಹಳ ಮೇಲಿನವನು. ಗೋರಾ ಪಲ್ಟಣಗಳು ಇನ್ನೂ ಇದ್ದ ಕಾಲ ಅದು. ಸಾಹೇಬರಿಗೆ, ಮಡ್ಡಮ್ಮಂದಿರಿಗೆ, ಊರಿನ ಸರದಾರರಿಗೆ ಕುದುರೆ ಬೇಕಾಗುತ್ತಿದ್ದವು. ನಮ್ಮವರು ಕೆಲಸ ಮಾಡುತ್ತಿದ್ದ ತಬೇಲೆ ಬೆಳಗಾವಿ ಕಡೆಯಿಂದ ಬಂದ ಒಬ್ಬ ಸಾವಕಾರರದು. ಮೊದಲು ಪಲ್ಟಣಕ್ಕೆ ಹುಲ್ಲು, ಕಡಲೆ ಪೂರೈಸುತ್ತಿದ್ದವರು, ಆಮೇಲೆ ಕುದುರೆಗಳನ್ನೇ ಕೊಂಡು ತಿದ್ದಿ ಮಾರುವುದಕ್ಕೆ ಇಳಿದಿದ್ದರು. ತಬೇಲೆಯ ಹಿಂದಿನ ಓಣಿಯಲ್ಲಿ ನಮಗೆ ಎರಡು ಖೋಲಿ ಬಿಟ್ಟುಕೊಟ್ಟಿದ್ದರು. ಕೆಲಸ ಇರುವತನಕ ಖೋಲಿ.

ಮದುವೆಯಾದ ಹೊಸದರಲ್ಲಿ ನನಗೆ ಇವರ ಮುಖಕ್ಕಿಂತ ಬೆನ್ನಿನ ಪರಿಚಯವೇ ಹೆಚ್ಚು. ನಸುಕಿನಲ್ಲಿ ಬೆನ್ನು ತೋರಿಸಿ ಹೋಗುತ್ತಿದ್ದರು, ಸಂಜೆ ಬಂದು ಬೆನ್ನು ತೋರಿಸಿ ಮಲಗುತ್ತಿದ್ದರು. ಮೈಯೆಲ್ಲ ಕುದುರೆ ಬೆವರಿನ ವಾಸನೆ. ನನ್ನ ಮೈಯೆಲ್ಲ ತೊಗಲಿನ ವಾಸನೆ. ಹೀಗಾಗಿ ಯಾರೂ ಯಾರನ್ನೂ ಹಳಿಯುವಂತಿರಲಿಲ್ಲ. ಮಾತು ಬಂದದ್ದು ಕೆಲಸದಿಂದ. ತಬೇಲೆಯ ಹರಿದ ಸಾಮಾನು ಹೊಲಿಯುವ ಕೆಲಸ ನನಗೇ ಬಂತು. ಯಾವ ಪಟ್ಟಿ ಎಲ್ಲಿ ಕೂರಬೇಕು, ಎಷ್ಟು ಬಿಗಿ ಇರಬೇಕು ಎಂದು ಅವರು ನನಗೆ ಹೇಳಲೇಬೇಕಾಯಿತು. ಹೇಳುವಾಗ ಅವರ ಕಣ್ಣು ಬೇರೆಯೇ ಆಗುತ್ತಿತ್ತು. ಆ ಕಣ್ಣಿಗೆ ನಾನು ಮರುಳಾದೆ, ಸುಳ್ಳೇಕೆ ಹೇಳಲಿ.

ಹೊಸ ಕುದುರೆಗೆ ಮೊದಲು ಮೂಗಿನ ಪಟ್ಟಿ. ದಪ್ಪ ತೊಗಲು, ಒಳಗೆ ಹಳೆಯ ಕಂಬಳಿಯ ಮೆತ್ತೆ, ಮೇಲೆ ನಟ್ಟನಡುವೆ ಒಂದು ಹಿತ್ತಾಳೆ ಬಳೆ. ಆ ಬಳೆಗೆ ಉದ್ದ ಹಗ್ಗ ಕಟ್ಟಿ, ತಾವು ನಡುವೆ ನಿಂತು, ಕುದುರೆಯನ್ನು ಸುತ್ತಲೂ ಓಡಿಸುತ್ತಿದ್ದರು. ಅದಕ್ಕೆ ಕಾವಾ ಎನ್ನುತ್ತಿದ್ದರು. ಮೂಗಿನ ಪಟ್ಟಿ ಮೂಳೆಯ ಮೇಲೆ ಕೂರಬೇಕು, ಕೆಳಗಿನ ಮೆತ್ತನೆ ಭಾಗಕ್ಕೆ ಜಾರಿದರೆ ಉಸಿರು ಕಟ್ಟುತ್ತದೆ. ಪಟ್ಟಿಯೊಳಗೆ ಬೆರಳು ಆಡಬೇಕು. ಬಾಯಿಗೆ ಹಾಕುವ ಕಡಿವಾಣ ತುಟಿಯ ಮೂಲೆಯಲ್ಲಿ ಒಂದು ಸಣ್ಣ ನಿರಿಗೆ ಮೂಡಿಸಬೇಕು, ಅದಕ್ಕಿಂತ ಹೆಚ್ಚಾದರೆ ಕುದುರೆ ನಕ್ಕಂತೆ ಕಾಣುತ್ತದೆ. "ಅದು ನಗೂದಲ್ಲ, ಅಳೂದು" ಎನ್ನುತ್ತಿದ್ದರು. ಇಷ್ಟೆಲ್ಲ ರೂಢಿಯಾದ ಮೇಲೆ ಪಕ್ಕದ ಪಟ್ಟಿಗಳು. ಕಡಿವಾಣದ ಎರಡು ಬಳೆಗಳಿಂದ ಜೀನಿನ ಹೊಟ್ಟೆಪಟ್ಟಿಗೆ, ಎಡಕ್ಕೊಂದು ಬಲಕ್ಕೊಂದು. ತಲೆ ಎಲ್ಲೆಂದರಲ್ಲಿ ಹಾರಿಸದೆ ನೆಟ್ಟಗೆ ಹಿಡಿಯುವುದನ್ನು ಕುದುರೆ ಅದರಿಂದ ಕಲಿಯುತ್ತದೆ. ಮೊದಲಿಗೆ ಜೋತುಬೀಳುವಷ್ಟು ಸಡಿಲ. ವಾರಗಳು ಕಳೆದ ಹಾಗೆ ಒಂದೊಂದೇ ತೂತು ಬಿಗಿ. ಎರಡೂ ಪಕ್ಕ ಸಮ ಇರಬೇಕೆಂದು ತೂತುಗಳನ್ನು ನಾನು ಎರಡು ಪಟ್ಟಿಗಳನ್ನೂ ಒಂದರ ಮೇಲೊಂದು ಇಟ್ಟು, ದುಂಡನೆಯ ಉಳಿಯಿಂದ ಒಂದೇ ಪೆಟ್ಟಿಗೆ ಹೊಡೆಯುತ್ತಿದ್ದೆ.

ಆ ಪಕ್ಕದ ಪಟ್ಟಿಯ ವಿಷಯಕ್ಕೆ ಬಂದರೆ ನಮ್ಮವರು ದೇವರ ಮೇಲೆ ಆಣೆ ಹಾಕಿದಂತೆ ಮಾತಾಡುತ್ತಿದ್ದರು. ಅದನ್ನು ಕಾವಾದಲ್ಲಿ ಮಾತ್ರ ಹಾಕಬೇಕು. ಕುದುರೆಯನ್ನು ನಡೆಸಿಕೊಂಡು ಹೋಗುವಾಗ ಬಿಚ್ಚಬೇಕು. ಮೇಲೆ ಸವಾರ ಕೂರುವ ಮೊದಲು ಬಿಚ್ಚಲೇಬೇಕು. ಇಕ್ಕಟ್ಟಿನಲ್ಲಿ ಅಂತೂ ಮುಟ್ಟಬಾರದು. ಒಮ್ಮೆ ಸಾಯಿಸ ಪಟ್ಟಿ ಬಿಚ್ಚದೆ ಕುದುರೆಯನ್ನು ಲಾಯಕ್ಕೆ ಎಳೆದು ತಂದದ್ದಕ್ಕೆ ಅವನ ಕಪಾಳಕ್ಕೆ ಹೊಡೆದರು. ಅವರು ಕೈ ಎತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಕುದರಿಗೆ ಮುಂದ ಹೋಗಾಕ ದಾರಿ ಇರಬೇಕು" ಎಂದು ಅವತ್ತು ಊಟಕ್ಕೆ ಕೂತಾಗ ನನಗೆ ಹೇಳಿದರು. "ತಲಿ ಕಟ್ಟಿದಿ, ಮುಂದ ದಾರಿ ಇಲ್ಲ ಅಂದ್ರ ಅದು ಹಿಂದ ಸರೀತದ. ಹಿಂದೂ ಇಲ್ಲ ಅಂದ್ರ ಮ್ಯಾಲ ಏಳ್ತದ. ತಲಿ ಕಟ್ಟಿದ್ದಕ್ಕ ತೂಕ ಸಿಗೂದಿಲ್ಲ ಅದಕ್ಕ. ಮೊಗಚಿ ಬೀಳ್ತದ, ಮ್ಯಾಲಿದ್ದಾಂವನ್ನ ತೊಗೊಂಡ."

ನಾನು ಇನ್ನೊಂದು ರೊಟ್ಟಿ ಹಾಕಿದೆ. ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು.

ಆಮೇಲೆ ಆ ಹೆಣ್ಣುಕುದುರೆ ಬಂತು. ಪಲ್ಟಣದವರು ಬೇಡವೆಂದು ತೆಗೆದುಹಾಕಿದ್ದು, ಎತ್ತರದ ಕಂದು ಕುದುರೆ, ಹಣೆಯಲ್ಲಿ ಬಿಳಿ ಚುಕ್ಕೆ. ನೋಡಲು ಲಕ್ಷಣವಾಗಿತ್ತು, ಆದರೆ ಸದಾ ಮುಗಿಲು ನೋಡುತ್ತಿತ್ತು. ಲಗಾಮು ಮುಟ್ಟಿದರೆ ಸಾಕು, ಮೂಗು ಆಕಾಶಕ್ಕೆ. ಅಂಥ ಕುದುರೆಯ ಮೇಲೆ ಕೂತವನಿಗೆ ಮುಂದೆ ಅದರ ಎರಡು ಕಿವಿಗಳ ಬದಲು ಅದರ ಹಣೆ ಕಾಣುತ್ತದೆ. ನಮ್ಮವರು ಅದರ ಬಾಯಿ ತೆರೆಸಿ ನನಗೆ ತೋರಿಸಿದರು. ನಾಲಿಗೆಯ ಮೇಲೆ ಅಡ್ಡಕ್ಕೆ ಹಳೆಯ ಗಾಯದ ಗೆರೆ, ಅರ್ಧ ತುಂಡಾಗಿ ಕೂಡಿಕೊಂಡಂತೆ. ಯಾರೋ ಪುಣ್ಯಾತ್ಮ ಲಗಾಮು ಜಗ್ಗಿ ಜಗ್ಗಿ ಅದನ್ನು ಆ ಗತಿಗೆ ತಂದಿದ್ದ.

ಆ ಮಳೆಗಾಲವೆಲ್ಲ ನಮ್ಮವರು ಅದರ ಹಿಂದೆ ಬಿದ್ದರು. ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಕೆಂಪು ಮುರುಮಿನ ಕಣದಲ್ಲಿ ನಿಂತು, ಮಳೆ ಇರಲಿ ಬಿಸಿಲಿರಲಿ ಕಾವಾ ಹೊಡೆಸುತ್ತಿದ್ದರು. ನಾನು ರೊಟ್ಟಿ ಬುತ್ತಿ ಹಿಡಿದು ಹೋಗಿ ಬೇಲಿಯ ಹತ್ತಿರ ನಿಲ್ಲುತ್ತಿದ್ದೆ. ಮೊದಮೊದಲು ಕುದುರೆ ಬೆನ್ನು ಬಿರುಸು ಮಾಡಿಕೊಂಡು, ಕತ್ತು ನೆಟ್ಟಗೆ ಮಾಡಿಕೊಂಡು ಸುತ್ತುತ್ತಿತ್ತು. ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅದು ಮೂಗಿನಿಂದ ಉಸಿರು ಬಿಟ್ಟು, ಕುತ್ತಿಗೆ ಉದ್ದ ಮಾಡಿ, ತಲೆ ಕೆಳಗಿಳಿಸಿ ನಡೆಯಿತು. ನಮ್ಮವರು ಬೇಲಿಯ ಕಡೆ ತಿರುಗಿ ನನ್ನನ್ನು ನೋಡಿ ನಕ್ಕರು. ಪಟ್ಟಿ ಇನ್ನೂ ಸಡಿಲಾಗಿಯೇ ಇತ್ತು. ಮಳೆಗೆ ತೊಯ್ದ ತೊಗಲು ಒಣಗಿದಾಗ ಗಿಡ್ಡವಾಗುತ್ತದೆಂದು ನಾನು ದಿನಾ ಎಣ್ಣೆ ಹಚ್ಚಿ, ಎಳೆದು, ಅಳೆದು ಕೊಡುತ್ತಿದ್ದೆ. ಆ ಕುದುರೆಯಲ್ಲಿ ನನ್ನ ಕೈಯೂ ಇತ್ತು. ಅದಕ್ಕೇ ಅಂದು ನನಗೂ ಕಣ್ಣು ತುಂಬಿತು.

ಸಾವಕಾರರಿಗೆ ಮಾತ್ರ ಹಿಡಿಸಲಿಲ್ಲ. ಒಂದು ದಿನ ಛತ್ರಿ ಹಿಡಿಸಿಕೊಂಡು ಕಣಕ್ಕೆ ಬಂದರು. ನಾನು ಹೊಲಿದ ಪಟ್ಟಿ ಕೊಡಲು ಹೋದವಳು ಅಲ್ಲೇ ಇದ್ದೆ.

"ಇದೇನಪಾ, ದನಾ ಮೇಯಾಕ ಹೊಂಟಂಗ ತಲಿ ಚೆಲ್ಲಿ ನಡೀತದ?" ಎಂದರು. "ಕುತಗಿ ಬಿಲ್ಲಿನಂಗ ಬಾಗಬೇಕು. ಪಟದಾಗಿನ ಕುದರಿ ನೋಡಿಲ್ಲೇನು ನೀ?"

"ಬಾಗ್ತದ್ರಿ ಸಾವ್ಕಾರ್ರ. ಮೊದ್ಲ ಬೆನ್ನು ಗಟ್ಟಿ ಆಗಬೇಕ್ರಿ. ಚಳಿಗಾಲ ಒಂದು ಮುಗೀಲಿ."

"ನನಗ ದಸರಾಕ್ಕ ಬೇಕು. ಅವತ್ತ ಸರದಾರ್ರು ಮನಿಗೆ ಬರಾವ್ರಿದ್ದಾರ, ನೋಡಿ ತೊಗೋತೀನಿ ಅಂದಾರ. ನಿನ್ನ ಕಡೆ ಆಗೂದಿಲ್ಲಂದ್ರ ಈಗ ಹೇಳಿಬಿಡು. ರೇಸಿನ ಕಡೆ ಚಾಬುಕಸ್ವಾರ್ರು ಬೇಕಾದಷ್ಟು ಮಂದಿ ಅದಾರ. ಅವರಿಗೂ ಇರಾಕ ಖೋಲಿ ಬೇಕಾಗ್ತಾವ."

ನಮ್ಮವರು "ಆಗ್ತದ್ರಿ" ಎಂದರು. ಬೇರೆ ಏನೆನ್ನಬೇಕಿತ್ತು? ಖೋಲಿ ಹೋದರೆ ಕೆಲಸವೂ ಹೋದಂತೆ, ಕೆಲಸ ಹೋದ ಚಾಬುಕಸ್ವಾರ ಮತ್ತೆ ಸಾಯಿಸನಾಗಿ ಉಜ್ಜುವುದಕ್ಕೆ ನಿಲ್ಲಬೇಕು. ಅಲ್ಲಿಂದ ಮೇಲೆ ಬಂದವರಿಗೆ ಅಲ್ಲಿಗೆ ಹಿಂದಿರುಗುವುದು ಸಾವಿಗಿಂತ ಕಷ್ಟ.

ಅಂದಿನಿಂದ ಅವರು ಮನೆಯಲ್ಲಿ ಮಾತು ಬಿಟ್ಟರು. ದಸರೆಗೆ ಕೆಲವೇ ದಿನ ಇದ್ದಾಗ ಸಂಜೆ ಪಕ್ಕದ ಪಟ್ಟಿಗಳನ್ನು ತಂದು ನನ್ನ ಮುಂದೆ ಹಾಕಿದರು.

"ಇನ್ನೊಂದು ತೂತು ಹಾಕಿಕೊಡು."

ಎಲ್ಲಿ ಎಂದು ಕೇಳಿದೆ. ಕೊನೆಯ ತೂತಿನಿಂದ ಬಹಳ ಒಳಗೆ, ಹೆಬ್ಬೆರಳಿನ ಉಗುರಿನಿಂದ ಗುರುತು ಮಾಡಿದರು.

"ಇಷ್ಟು ಬಿಗದ್ರ ಗದ್ದಾ ಎದಿಗೆ ಹತ್ತತದಲ್ರಿ."

"ತೋರ್ಸೂದಕ್ಕಷ್ಟ. ಅದೊಂದಿನ."

"ನೀವ ಹೇಳ್ತಿದ್ರಿ, ತಲಿ ಕಟ್ಟಿದ್ದಕ್ಕ ತೂಕ ಸಿಗೂದಿಲ್ಲ ಅಂತ. ನಾ ಹಾಕೂದಿಲ್ಲ."

"ಬ್ಯಾಡ ಬಿಡು" ಎಂದರು. ನನ್ನ ಆರಿಯನ್ನು ಎತ್ತಿಕೊಂಡು ಹೊಸ್ತಿಲ ಮೇಲೆ ಕೂತು ತಾವೇ ತಿವಿದರು. ಕುದುರೆಯ ಬಾಯಿಯ ಮೇಲೆ ಹೂವಿನಂತೆ ಆಡುವ ಕೈ ಅದು, ತೊಗಲಿನ ಮೇಲೆ ಕುರುಡು. ತೂತು ಓರೆಯಾಗಿ ಹರಿಯಿತು, ಅಂಚು ಎದ್ದುಕೊಂಡಿತು. ಒಂದು ಪಟ್ಟಿಯದು ಇನ್ನೊಂದಕ್ಕಿಂತ ಸ್ವಲ್ಪ ಒಳಗೇ ಬಿತ್ತು. ನನ್ನ ಕೆಲಸದ ಮೇಲೆ ಅಂಥ ಹೊಲಸು ತೂತು ನೋಡಿ ಸಿಟ್ಟು ನೆತ್ತಿಗೇರಿತು. ಅವರಿಗೆ ಅನ್ನ ಬಡಿಸಿ ನಾನು ಉಣ್ಣದೆ ಮಲಗಿದೆ.

ಖಂಡೇಪೂಜೆಯ ದಿನ ತಬೇಲೆಯ ಸಾಮಾನೆಲ್ಲ ತೊಳೆದು, ಎಣ್ಣೆ ಹಚ್ಚಿ, ಗೋಣಿಯ ಮೇಲೆ ಜೋಡಿಸಿ ಚೆಂಡುಹೂ ಏರಿಸಿದರು. ನನ್ನ ರಂಪಿಗೆ, ಆರಿಗಳಿಗೂ ಕುಂಕುಮ ಬಿತ್ತು. ಮರುದಿನ ದಸರೆ. ನಮ್ಮ ಓಣಿಯಲ್ಲಿ ಒಂದು ಪದ್ಧತಿ ಇತ್ತು. ಚಾಬುಕಸ್ವಾರ ತಾನು ತಿದ್ದಿದ ಕುದುರೆಯನ್ನು ಧಣಿಗೆ ಒಪ್ಪಿಸುವ ಮೊದಲು ಏರಿಕೊಂಡು ತನ್ನ ಮನೆಯ ಬಾಗಿಲಿಗೆ ತರಬೇಕು. ಹೆಂಡತಿ ಅದರ ಗೊರಸಿಗೆ ನೀರು ಹಾಕಿ, ಹಣೆಗೆ ಕುಂಕುಮವಿಟ್ಟು, ಕುದುರೆಗೂ ಗಂಡನಿಗೂ ಕೂಡಿಸಿ ಆರತಿ ಎತ್ತಬೇಕು. ಆಮೇಲೆ ಅದು ಧಣಿಯ ಬಂಗಲೆಗೆ. ಮದುವೆಯಾದಾಗಿನಿಂದ ನಾನು ಪ್ರತಿ ದಸರೆಗೂ ಎತ್ತಿದ್ದೆ. ಯಾವ ಕುದುರೆಯೂ ಕಿವಿ ಸಹ ಅಲುಗಿಸಿರಲಿಲ್ಲ, ಯಾಕೆಂದರೆ ಅವೆಲ್ಲ ತಲೆ ಬಿಡುವಾಗಿದ್ದ ಕುದುರೆಗಳು. ದೀಪ ಬೇಡವೆನಿಸಿದರೆ ಮುಖ ಆಚೆ ಮಾಡುತ್ತಿದ್ದವು.

ಅವತ್ತು ಅವರು ಕೇಸರಿ ರುಮಾಲು ಸುತ್ತಿಕೊಂಡಿದ್ದರು. ಓಣಿಯ ತುದಿಯಲ್ಲಿ ಕುದುರೆ ತಿರುಗಿದಾಗ ಹೆಂಗಸರೆಲ್ಲ "ಅಯ್ಯ ನೋಡವಾ!" ಎಂದರು. ಸಾವಕಾರರು ಕೇಳಿದ ಪಟದ ಕುದುರೆಯೇ ಅದು. ಕುತ್ತಿಗೆ ಬಿಲ್ಲಾಗಿ ಬಾಗಿತ್ತು, ಗದ್ದ ಎದೆಗೆ ತಾಗಿತ್ತು. ಕೊರಳಲ್ಲಿ ಚೆಂಡುಹೂವಿನ ಮಾಲೆ. ಹತ್ತಿರ ಬಂದಂತೆ ನಾನು ಮಾಲೆಯ ಕೆಳಗೆ ನೋಡಿದೆ. ಪಕ್ಕದ ಪಟ್ಟಿಗಳು ಹಾಗೇ ಇದ್ದವು, ಓರೆ ತೂತಿನಲ್ಲಿ ಬಕಲು. ಕುದುರೆಯ ಬಾಯಿಂದ ನೊರೆ ಎದೆಯ ಮೇಲೆ ಸುರಿಯುತ್ತಿತ್ತು. ಕಣ್ಣಿನ ಬಿಳಿ ಕಾಣುತ್ತಿತ್ತು.

ನಮ್ಮ ಓಣಿ ಎಂದರೆ ಒಂದು ಪಕ್ಕ ಖೋಲಿಗಳ ಸಾಲು, ಇನ್ನೊಂದು ಪಕ್ಕ ಸಾವಕಾರರ ಹುಲ್ಲಿನ ಗೋದಾಮಿನ ಗೋಡೆ. ಬಾಗಿಲಲ್ಲಿ ನಾನು, ನಮ್ಮ ಅತ್ತೆ, ನೆರೆಯ ಹೆಂಗಸರು. ಕುದುರೆಯ ಮುಖ ನಮ್ಮ ಕಡೆ, ಹಿಂಭಾಗ ಗೋಡೆಯ ಕಡೆ. ಎಡಬಲಕ್ಕೂ ನೋಡುವ ಮಂದಿ.

"ಪಟ್ಟಿ ಬಿಚ್ಚಿಲ್ಲೇನ್ರಿ?" ಎಂದು ಕೇಳಿದೆ. ನಾನು ಕೇಳಿದೆ. ಇದನ್ನು ಬರೆದಿಡುವುದಕ್ಕಾಗಿಯೇ ಇಷ್ಟು ಬರೆಯುತ್ತಿದ್ದೇನೆ.

ಅವರು ಬಗ್ಗಿ ನನ್ನನ್ನು ನೋಡಿದರು. ಮುಖದಲ್ಲಿ ಮದುಮಗನ ಕಳೆ ಇತ್ತು. ಓಣಿಯ ಮಂದಿಯೆಲ್ಲ ಅವರನ್ನೇ ನೋಡುತ್ತಿದ್ದರು. ಇಳಿದು, ಬಕಲು ಬಿಚ್ಚಿ, ಆ ಕುತ್ತಿಗೆ ಎಲ್ಲರ ಕಣ್ಣೆದುರು ಮತ್ತೆ ಉದ್ದವಾಗುವುದನ್ನು ತೋರಿಸಲು ಅವರಿಗೆ ಮನಸ್ಸಿರಲಿಲ್ಲ.

"ಎತ್ತ ಆರತಿ, ಹೊತ್ತಾತು" ಎಂದರು.

ಗೊರಸಿಗೆ ನೀರು ಹಾಕಿದೆ. ಕುಂಕುಮವಿಟ್ಟೆ. ತಟ್ಟೆ ಎತ್ತಿದೆ. ದೀಪ ಹಣೆಯ ಮಟ್ಟಕ್ಕೆ ಬಂದಾಗ ಕುದುರೆ ತಲೆ ಹಿಂದಕ್ಕೆ ಎಳೆಯಿತು. ಕಡಿವಾಣ ಆ ಹಳೆಯ ಗಾಯದ ನಾಲಿಗೆಯ ಮೇಲೆ ಕೂತಿರಬೇಕು. ಪಕ್ಕಕ್ಕೆ ತಿರುಗಿಸಲು ನೋಡಿತು, ಆಗಲಿಲ್ಲ. ಮುಂದೆ ನಾವಿದ್ದೆವು. ಹಿಂದೆ ಸರಿಯಿತು, ಗೋಡೆ ತಾಗಿತು. ಅವರು ಹಿಮ್ಮಡಿ ಒತ್ತಿದರು. ನಾನು ತಟ್ಟೆ ಎಸೆದು ಅತ್ತೆಯನ್ನು ಒಳಗೆ ನೂಕಿದೆ. ಕುದುರೆ ಮೇಲೆದ್ದಿತು, ಕೇಸರಿ ರುಮಾಲು ಸೂರಿನ ಮಟ್ಟಕ್ಕೆ ಹೋಯಿತು, ಒಂದು ಗಳಿಗೆ ಅಲ್ಲೇ ನಿಂತಿತು, ಆಮೇಲೆ ಕುದುರೆ ಗೋಡೆಗೆ ಉಜ್ಜುತ್ತ ಬೆನ್ನ ಮೇಲೆ ಬಿತ್ತು. ಜೀನಿನ ಮುಂಭಾಗ ಅವರ ಸೊಂಟದ ಮೇಲೆ ಬಿತ್ತು.

ಸಾಯಿಸ ಚಾಕುವಿನಿಂದ ಪಟ್ಟಿಗಳನ್ನು ಕತ್ತರಿಸಿದ. ತಲೆ ಬಿಡುವಾದದ್ದೇ ಕುದುರೆ ಎದ್ದಿತು, ಓಣಿಯ ತುದಿಗೆ ನಡೆದು ಹೋಗಿ ನಡುಗುತ್ತ ನಿಂತಿತು. ನಮ್ಮವರು ಏಳಲಿಲ್ಲ. ನಾನು ಅವರ ತಲೆ ತೊಡೆಯ ಮೇಲೆ ಇಟ್ಟುಕೊಂಡಾಗ ಎಣ್ಣೆಯ ವಾಸನೆ, ಹಿಸುಕಿದ ಚೆಂಡುಹೂವಿನ ವಾಸನೆ. ಇಂದಿಗೂ ಆ ಹೂವು ಮನೆಗೆ ತರುವುದಿಲ್ಲ.

ದವಾಖಾನೆಯಲ್ಲಿ ಬಹಳ ದಿನ ಇಟ್ಟುಕೊಂಡು, ಇನ್ನು ಕಾಲು ಬರುವುದಿಲ್ಲವೆಂದು ಮನೆಗೆ ಕಳಿಸಿದರು. ಅಷ್ಟರಲ್ಲಿ ಓಣಿ ತನ್ನ ತೀರ್ಪು ಕೊಟ್ಟಾಗಿತ್ತು. ದೀಪ ಓರೆಯಾಗಿತ್ತು ಎಂದರು. ಹಬ್ಬಕ್ಕೆ ಮುಂಚಿನಿಂದ ನಾನು ಗಂಡನ ಮೇಲೆ ಸಿಟ್ಟಿನಲ್ಲಿದ್ದೆ ಎಂದರು. ಅತ್ತೆಯನ್ನು ನಾನು ಗೊರಸಿನ ಕೆಳಗಿಂದ ಉಳಿಸಿದ್ದೆ, ಆಕೆಯೇ ಎಲ್ಲರಿಗಿಂತ ಮೊದಲು "ಇಕಿ ಕೈ ಛಲೋ ಅಲ್ಲ" ಎಂದರು. ನಾನು ಓಣಿಯವರ ಮುಂದೆ ಪಟ್ಟಿಯ ಮಾತು ಎತ್ತಿದೆ. "ಚಾಬುಕಸ್ವಾರಗ ತಿಳೀಲಾರದ್ದು ನಿನಗ ತಿಳೀತೇನು?" ಎಂದರು. ಸಾಯಿಸನನ್ನು ಕೇಳಿದೆ. ಅವನು ಸಾವಕಾರರ ಅನ್ನ ತಿನ್ನುವವನು, ಕಡಲೆ ನೆನೆಹಾಕಬೇಕೆಂದು ಎದ್ದು ಹೋದ. ನಮ್ಮವರು ಮಾತಾಡುವಂತಾಗಲಿ, ಎಲ್ಲ ತಾನೇ ತಿಳಿಯಾಗುತ್ತದೆ ಎಂದುಕೊಂಡೆ.

ಸಾವಕಾರರು ನೋಡಲು ಬಂದದ್ದು ಒಂದು ಮಧ್ಯಾಹ್ನ, ಮೋಸಂಬಿ ಹಿಡಿದುಕೊಂಡು. ನೆರೆಯ ಹೆಂಗಸರು ಬಾಗಿಲಲ್ಲಿ ಗುಂಪಾದರು. ನಾನು ನೀರಿನ ತಂಬಿಗೆ ತಂದೆ.

"ಹ್ಯಾಂಗಾತಪಾ ಇದು? ಪಟ್ಟಿ ಏನರ ಬಿಗಿ ಆಗಿತ್ತೇನು?" ಎಂದು ಕೇಳಿದರು. ದನಿಯಲ್ಲಿ ಸ್ವಲ್ಪ ಅಂಜಿಕೆ ಇತ್ತು. ಕುತ್ತಿಗೆ ಬಾಗಲಿ ಎಂದವರು ಅವರೇ ಅಲ್ಲವೇ.

ನಮ್ಮವರು ಮೇಲೆ ಹೆಂಚು ನೋಡುತ್ತಿದ್ದರು. "ಇಲ್ರಿ ಸಾವ್ಕಾರ್ರ" ಎಂದರು. "ಆರತಿ ದೀಪಕ್ಕ ಬೆದರ್ತ್ರಿ. ಮಾರಿ ಹತ್ತಿರಕ್ಕ ತಂದ್ಳು ಇಕಿ."

ತಂಬಿಗೆ ನನ್ನ ಕೈಯಲ್ಲೇ ಇತ್ತು. ಸಾವಕಾರರು ಉಸಿರು ಬಿಟ್ಟು, ಹೆಂಗಸರಿಗೆ ಏನು ತಿಳಿಯುತ್ತದೆ ಎಂಬಂತೆ ತಲೆ ಆಡಿಸಿದರು. ಖೋಲಿ ಬಿಡಬೇಕಾಗಿಲ್ಲ, ನಾನು ಹೊಲಿಗೆ ಮಾಡಿಕೊಂಡು ಇರಬಹುದು ಎಂದು ಹೇಳಿ ಎದ್ದರು.

ಅವರು ಹೋದ ಮೇಲೆ ಬಾಗಿಲು ಹಾಕಿ ಕೇಳಿದೆ. "ಯಾಕ ಹಂಗ ಅಂದ್ರಿ?"

"ನಾ ಬಿಗದೆ ಅಂದಿದ್ರ ಈ ಖೋಲಿ ಉಳೀತಿತ್ತೇನು?" ಎಂದರು. ಆಮೇಲೆ ಮೆಲ್ಲಗೆ, "ಸ್ವಲ್ಪ ದಿನ ತಡಿ. ಹೇಳ್ತೀನಿ ನಾನ."

ಅವತ್ತು ನನಗೆ ಅದು ನ್ಯಾಯವೆನಿಸಿತು. ಕಾಲಿಲ್ಲದ ಗಂಡ, ವಯಸ್ಸಾದ ಅತ್ತೆ, ತಲೆಯ ಮೇಲೆ ಸೂರು ಬೇಡವೇ. ಸ್ವಲ್ಪ ದಿನ ತಾನೇ ಎಂದುಕೊಂಡೆ.

ಮುಂದೆ ತಬೇಲೆಯಿಂದ ದುರಸ್ತಿಗೆ ಬಂದ ಗಂಟಿನಲ್ಲಿ ಆ ಪಟ್ಟಿಗಳೇ ಇದ್ದವು. ನಡುವೆ ಚಾಕುವಿನಿಂದ ಕತ್ತರಿಸಿದಂಥವು. ಇನ್ನೊಂದು ಕುದುರೆಗೆ ಬೇಕು, ಕೂಡಿಸಿ ಹೊಲಿದುಕೊಡಬೇಕು ಎಂದು ಹೇಳಿ ಕಳಿಸಿದ್ದರು. ಬಕಲಿನ ನಾಲಿಗೆ ಇನ್ನೂ ಆ ಓರೆ ತೂತಿನಲ್ಲೇ ಇತ್ತು. ಬಿಚ್ಚಲು ಯಾರೂ ಮನಸ್ಸು ಮಾಡಿರಲಿಲ್ಲ. ನಾನು ಅವರ ಹೊರಸಿನ ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದೆ. ಪಟ್ಟಿಯನ್ನು ಬೆಳಕಿಗೆ ಹಿಡಿದೆ. ಎಳೆತಕ್ಕೆ ತೂತು ಇನ್ನಷ್ಟು ಹರಿದಿತ್ತು. ಅವರು ನೋಡುತ್ತಿದ್ದರು.

"ಆ ತೂತು ಮುಚ್ಚಿಬಿಡು" ಎಂದರು.

"ಮುಚ್ಚೂದಿಲ್ಲ" ಎಂದೆ. ಆ ತುಂಡನ್ನು ರಂಪಿಗೆಯಿಂದ ಕತ್ತರಿಸಿ ತೆಗೆದು ನನ್ನ ಆರಿಗಳ ಡಬ್ಬಿಯಲ್ಲಿ ಹಾಕಿದೆ. ಎರಡು ಪಟ್ಟಿಗಳಿಗೂ ಹೊಸ ತೊಗಲು ಜೋಡಿಸಿ, ದುಂಡನೆಯ ತೂತು ಹೊಡೆದು, ಆ ಕೊನೆಯ ತೂತು ಇಲ್ಲದ ಪಟ್ಟಿ ಮಾಡಿ ಕಳಿಸಿದೆ. ಪ್ರತಿ ಖಂಡೇಪೂಜೆಗೆ ಸಾಮಾನು ತೊಳೆಯುವಾಗ ಆ ತುಂಡು ಹೊರಗೆ ಬರುತ್ತಿತ್ತು. ಅದನ್ನೂ ತೊಳೆದು, ಕುಂಕುಮವಿಟ್ಟು, ಅವರ ಕಣ್ಣೆದುರು ಜೋಡಿಸುತ್ತಿದ್ದೆ. ಅವರು ಗೋಡೆಯ ಕಡೆ ಮುಖ ಮಾಡುತ್ತಿದ್ದರು. ಹೌದು, ನಾನು ಹಾಗೆ ಮಾಡುತ್ತಿದ್ದೆ. ಅವರ ಹೇಲು ಉಚ್ಚೆ ಬಳಿದು, ಬೆನ್ನಿನ ಹುಣ್ಣಿಗೆ ಎಣ್ಣೆ ಹಚ್ಚಿ, ಉಣ್ಣಿಸಿ ಮಲಗಿಸುತ್ತಿದ್ದ ಕೈಯೇ ಅದನ್ನೂ ಮಾಡುತ್ತಿತ್ತು.

ಕುದುರೆಯನ್ನು ಸಾವಕಾರರು ಟಾಂಗಾದವನಿಗೆ ಕೊಟ್ಟುಬಿಟ್ಟರು. ಕೊಂಢವಾ ಕಡೆಗೆ ಹೊಲಿಗೆಯ ಕೆಲಸಕ್ಕೆ ಹೋದಾಗ ಒಮ್ಮೆ ರಸ್ತೆಯಲ್ಲಿ ಅದನ್ನು ಕಂಡೆ. ಹಣೆಯ ಚುಕ್ಕೆಯಿಂದ ಗುರುತು ಹಿಡಿದೆ. ಪಕ್ಕೆಲುಬು ಎದ್ದಿದ್ದವು. ತಲೆ ಮೊಣಕಾಲಿನತನಕ ಜೋತಿತ್ತು, ಮುಗಿಲು ನೋಡುವ ಚಾಳಿ ಪೂರಾ ಬಿಟ್ಟುಹೋಗಿತ್ತು. ಹತ್ತಿರ ಹೋಗಿ ಕುತ್ತಿಗೆ ಮುಟ್ಟಿದೆ. ಅದು ತಿರುಗಿ ನೋಡಲಿಲ್ಲ. ಮನೆಗೆ ಬಂದು ಅವರಿಗೆ ಹೇಳಲಿಲ್ಲ. ಅಷ್ಟು ಕೆಟ್ಟವಳಾಗಲು ನನ್ನ ಕೈಲಾಗಲಿಲ್ಲ.

ಕಾಲ ಹೋಯಿತು. ಕ್ಯಾಂಪಿನ ರಸ್ತೆಗಳಲ್ಲಿ ಮೋಟಾರು ತುಂಬಿದವು. ಕಾತ್ರಜದ ಕಡೆಯಿಂದ ಬರುತ್ತಿದ್ದ ಹುಲ್ಲಿನ ಗಾಡಿಗಳು ಕಡಿಮೆಯಾದವು. ಸಾವಕಾರರು ತೀರಿಕೊಂಡರು, ಮಕ್ಕಳು ತಬೇಲೆ ಮುಚ್ಚಿ ಕುದುರೆ ಮಾರಿದರು. ಖೋಲಿಗೆ ನಾನೇ ಬಾಡಿಗೆ ಕೊಡತೊಡಗಿದೆ. ಜೀನಿನ ಬದಲು ಚೀಲ, ಬೆಲ್ಟು, ಸೈಕಲ್ಲಿನ ಸೀಟು ಹೊಲಿಯುತ್ತಿದ್ದೆ. ಅತ್ತೆಯೂ ಹೋದರು, ಕೊನೆಯ ಉಸಿರಿನತನಕ ನನ್ನ ಕೈಯ ನೀರು ಕುಡಿಯುವಾಗ ಮುಖ ಹಿಂಡಿಕೊಂಡೇ ಹೋದರು. ಅಂಜುವುದಕ್ಕೆ ಈಗ ಯಾರೂ ಉಳಿದಿರಲಿಲ್ಲ. ಕಸಿದುಕೊಳ್ಳುವುದಕ್ಕೆ ಕೆಲಸವೂ ಇರಲಿಲ್ಲ. ಈಗ ಹೇಳುತ್ತಾರೆ ಎಂದು ಕಾದೆ. ಅವರನ್ನು ನೋಡಲು ಹಳೆಯ ಸಾಯಿಸರು ಬರುತ್ತಿದ್ದರು, ನೆರೆಯ ಗಂಡಸರು ಬಂದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. "ಎಂಥಾ ಚಾಬುಕಸ್ವಾರ ಇದ್ದಿರಿ" ಎನ್ನುತ್ತಿದ್ದರು. ಅವರ ಮುಖ ಅರಳುತ್ತಿತ್ತು. ಆ ಅರಳುವಿಕೆ ನೋಡಿ ನನಗೆ ನಿಧಾನವಾಗಿ ತಿಳಿಯಿತು. ಖೋಲಿಗಾಗಿ ಅಲ್ಲ ಅವರು ಸುಮ್ಮನಿದ್ದದ್ದು.

ಆಮೇಲೆ ಒಂದು ದಸರೆ. ನಮ್ಮ ಸಾಲಿಗೆ ಹೊಸದಾಗಿ ಬಂದ ಒಬ್ಬ ಸೊಸೆ, ಬೆಳಗಾವಿಯವಳು, ನನ್ನ ಧಾರವಾಡದ ಕನ್ನಡ ಕೇಳಿ ಹಿಗ್ಗಿ ಹೋಗಿ ಬರುತ್ತಿದ್ದಳು. ಅವರ ಮನೆಗೆ ಹೊಸ ಸೈಕಲ್ಲು ಬಂದಿತ್ತು, ಅದಕ್ಕೆ ಪೂಜೆ. ಅವಳು ನಮ್ಮ ಬಾಗಿಲಿಗೆ ಬಂದು, "ಅವ್ವಾರ, ಆರತಿ ಎತ್ತಾಕ ಬರ್ರಿ. ಮುತ್ತೈದ್ಯಾರು ಕಡಿಮಿ ಬಿದ್ದಾರ" ಎಂದಳು. ನಾನು ಕೈ ತೊಳೆಯಲು ಎದ್ದೆ. ಸುಳ್ಳೇಕೆ, ಖುಷಿಯಾಯಿತು. ಅಷ್ಟರಲ್ಲಿ ಅವಳ ಅತ್ತೆ ಓಡಿ ಬಂದು ಅವಳ ರಟ್ಟೆ ಹಿಡಿದೆಳೆದಳು.

"ಆಕಿ ಬ್ಯಾಡ. ಗಂಡನ ಸೊಂಟಾ ಮುರದ ಆರತಿ ಆಕೀದು. ನಿನಗ ಗೊತ್ತಿಲ್ಲ."

ಹುಡುಗಿ ಗಾಬರಿಯಾಗಿ ಒಳಗೆ ನೋಡಿದಳು. ಬಾಗಿಲು ಪೂರಾ ತೆರೆದಿತ್ತು. ಹೊರಸಿನ ಮೇಲೆ ಅವರು ದಿಂಬಿಗೆ ಒರಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಮುಂದೆ ಪೂಜೆಯ ಸಾಮಾನು, ಅದರಲ್ಲಿ ಆ ತುಂಡು. ಹುಡುಗಿಯೂ ಅವಳ ಅತ್ತೆಯೂ ಅವರನ್ನೇ ನೋಡಿದರು. ನಾನೂ ತಿರುಗಿ ನೋಡಿದೆ. ಅವರ ಕಣ್ಣು ತುಂಬಿತ್ತು. ತುಟಿ ಅಲುಗಿತು, ಬಾಯಿ ತೆರೆಯಿತು. ನಾನು ಒದ್ದೆ ಕೈಯಲ್ಲೇ ನಿಂತು ಕಾದೆ.

"ಬಾಗಲಾ ಹಾಕು" ಎಂದರು.

ಹಾಕಿದೆ.